ಬೆಳ್ಳಿಯಪ್ಪನ ಬೆಳೆಯುವ ಶೆಲ್ಫು

ದಂತವೈದ್ಯ ಪುರಂದರನ ತೂಕ ತೊಂಬತ್ತೊಂದು ಕಿಲೋ. ತಮಿಳು ಸೀಮೆಯ ಪೀಳಮೇಡಿನಲ್ಲಿ ಅವನ ಕ್ಲಿನಿಕ್ಕಿನ ಎದುರಿಗಿದ್ದ ಮರದ ಅಣಬೆಗೆ ಈ ವಿಷಯ ತಿಳಿದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ತಿಳಿಯಿತು.

ಹತ್ತು ಗಂಟೆಗೆ ಕನ್ನಡ ಕೂಟದ ಸಭೆ. ಕಾರ್ಯದರ್ಶಿಯಾದ ಪುರಂದರ ಜರಿಯಂಚಿನ ಹೊಸ ಪಂಚೆ ಉಟ್ಟು, ಮಡಿಕೆ ಮುರಿಯದ ಹಾಗೆ ರಸ್ತೆ ದಾಟಿ, ಎಳನೀರು ಬೆಳ್ಳಿಯಪ್ಪನ ಮುಂದೆ ಬಂದು ನಿಂತ. ಬೆಳ್ಳಿಯಪ್ಪ ಎಂದಿನಂತೆ ಕೇಳದೆಯೇ ಒಂದು ಕಾಯಿ ಕೆತ್ತಿ, ಸ್ಟ್ರಾ ಚುಚ್ಚಿ ಕೈಗಿಟ್ಟ. ಹೊಸ ಪಂಚೆ ಉಟ್ಟವನು ಸುಮ್ಮನೆ ನೆಟ್ಟಗೆ ನಿಂತು ಕುಡಿಯುವುದುಂಟೇ? ಪುರಂದರ ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಓರೆಯಾಗಿ ಚಾಚಿ, ಫೋಟೊ ಸ್ಟುಡಿಯೊದಲ್ಲಿ ನಿಲ್ಲುವವರ ಹಾಗೆ ಎಡ ಮೊಳಕೈಯನ್ನು ಮರದಲ್ಲಿ ಬೆಳೆದಿದ್ದ ಅಣಬೆಯ ಮೇಲೆ ಊರಿದ.

ಈ ಅಣಬೆ ಮಳೆಯ ಮರುದಿನ ಕೊಡೆ ಬಿಚ್ಚಿ, ಅದರ ಮರುದಿನ ಮಡಿಚಿಕೊಂಡು ಹೋಗುವ ಜಾತಿಯದಲ್ಲ. ಮರಕ್ಕೆ ಆಚಾರಿ ಬಂದು ಕೂರಿಸಿಹೋದ ಹಲಗೆಯ ಹಾಗೆ ಅಡ್ಡಕ್ಕೆ ಚಾಚಿಕೊಂಡು, ವರ್ಷಗಟ್ಟಲೆ ಅಲ್ಲೇ ಇದ್ದು, ಕಟ್ಟಿಗೆಯಷ್ಟೇ ಗಟ್ಟಿಯಾಗುವಂಥದು. ಮೇಲುಗಡೆ ಕಂದು ಬಣ್ಣ, ಸುಕ್ಕು ಸುಕ್ಕು. ಕೆಳಗಡೆ ತಿರುಪ್ಪೂರಿನ ಹೊಸ ಬನಿಯನ್ನಿನಂಥ ಬಿಳುಪು. ಒಂದು ಎಳನೀರನ್ನೋ, ಒಂದು ಟಿಫಿನ್ ಡಬ್ಬಿಯನ್ನೋ ಅದು ಸಲೀಸಾಗಿ ಹೊರುತ್ತಿತ್ತು. ಒಬ್ಬ ಕಾರ್ಯದರ್ಶಿಯನ್ನು ಹೊರುವ ಅಭ್ಯಾಸ ಅದಕ್ಕಿರಲಿಲ್ಲ.

'ಟಪ್' ಎಂದಿತು. ಅಣಬೆ ಬಿತ್ತು, ಹಿಂದೆಯೇ ಮೊಳಕೈ, ಮೊಳಕೈಯ ಹಿಂದೆ ಡಾಕ್ಟರು. ಪುಣ್ಯಕ್ಕೆ ಡಾಕ್ಟರು ಮರವನ್ನು ತಬ್ಬಿಕೊಂಡು ನಿಂತರು. ಎಳನೀರು ಮಾತ್ರ ನಿಲ್ಲಲಿಲ್ಲ. ಅದು ಇಡಿಯಾಗಿ ಪಂಚೆಯ ಮುಂಭಾಗಕ್ಕೆ ಸುರಿಯಿತು, ಅದೂ ಯಾವ ಗಂಡಸೂ ಸಾರ್ವಜನಿಕವಾಗಿ ಒದ್ದೆಯಾಗಲು ಇಷ್ಟಪಡದ ಜಾಗಕ್ಕೇ.

ಬಸ್‌ಸ್ಟಾಪಿನಲ್ಲಿದ್ದ ಕಾಲೇಜು ಹುಡುಗಿಯರು ದುಪಟ್ಟಾ ಬಾಯಿಗೆ ಒತ್ತಿಕೊಂಡರು. ಹಿಂದಿನ ದಿನವಷ್ಟೇ ಹಲ್ಲು ಕೀಳಿಸಿಕೊಂಡಿದ್ದ ರೋಗಿಯೊಬ್ಬ, ನಗಬೇಡಿ ಎಂದು ಇದೇ ಡಾಕ್ಟರು ಹೇಳಿದ್ದನ್ನು ಮರೆತು ನಕ್ಕ. ಸಭೆಗೆ ಬರುತ್ತಿದ್ದ ಕೂಟದ ಅಧ್ಯಕ್ಷ ದಂಡಪಾಣಿ, ಸ್ಪಿನ್ನಿಂಗ್ ಮಿಲ್ಲಿನಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದವರು, ಅದೇ ದನಿಯಲ್ಲಿ ರಸ್ತೆಯಾಚೆಯಿಂದಲೇ ಕೂಗಿದರು: "ಎನ್ನ ಡಾಕ್ಟರೇ, ಏನಾಯ್ತು, ವಯಸ್ಸು ಆಯ್ತಾ? ಅಷ್ಟು ಅವಸರವಾ?"

ಪುರಂದರ ತಲೆ ತಗ್ಗಿಸಿದ. ತಗ್ಗಿಸಿದ ತಲೆಗೆ ಕಾಲ ಬಳಿ ಅಂಗಾತ ಬಿದ್ದಿದ್ದ ಅಣಬೆ ಕಂಡಿತು. ಅದರ ಬಿಳಿಯ ಕೆಳಮೈ ತುಂಬ ಕಂದು ಬಣ್ಣದ ಗೀರುಗಳು. ಒಂದಲ್ಲ, ಎರಡಲ್ಲ, ಸಾಲು ಸಾಲು. ಕೆಲವು ಕೊಕ್ಕೆಯ ಹಾಗೆ ಬಾಗಿದ್ದವು, ಕೆಲವು ಸುತ್ತಿ ಬಂದು ತಮ್ಮ ಬಾಲ ತಾವೇ ಕಚ್ಚಿಕೊಂಡಿದ್ದವು.

ಮುಳುಗುವವನಿಗೆ ಕೈಗೆ ಏನು ಸಿಕ್ಕರೂ ಸರಿ. ಪುರಂದರ ಅದನ್ನು ಎತ್ತಿ ಒದ್ದೆಗೆ ಅಡ್ಡ ಹಿಡಿದುಕೊಂಡು ಕೂಗಿದ: "ದಂಡಪಾಣಿ ಸಾರ್! ಇಲ್ಲಿ ನೋಡಿ! ಬರಹ! ಕನ್ನಡ ಅಕ್ಷರ!"

ನಗು ನಿಂತಿತು. ದಂಡಪಾಣಿ ರಸ್ತೆ ದಾಟಿ ಬಂದು, ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿದರು. "ಅಯ್ಯೋ, ಆಮಾ! ಹೌದು, ದುಂಡು ದುಂಡಾಗಿದೆ. ಏನ್ ಬರ್ದಿದೆ, ಓದಿ ಹೇಳಿ."

ಪುರಂದರನ ಪಂಚೆ ಇನ್ನೂ ತೊಟ್ಟಿಕ್ಕುತ್ತಿತ್ತು. ಅವನು ಅತ್ಯಂತ ದೊಡ್ಡ ಸುತ್ತಿನ ಮೇಲೆ ಬೆರಳಿಟ್ಟು, "ಮೊದಲನೇದು... ಶ್ರೀ," ಎಂದ.

ಅಲ್ಲಿಗೆ ಪಂಚೆಯ ವಿಷಯ ಮುಗಿಯಿತು. ಪುರಂದರನ ಪಾಡು ಶುರುವಾಯಿತು. ಏಕೆಂದರೆ ಪೀಳಮೇಡು ಕನ್ನಡ ಕೂಟದ ಕಾರ್ಯದರ್ಶಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಈ ಗದ್ದಲದಲ್ಲಿ ಬೆಳ್ಳಿಯಪ್ಪ ಮಾತ್ರ ಒಂದು ವಿಚಿತ್ರ ಕೆಲಸ ಮಾಡಿದ. ಮಚ್ಚು ಕೆಳಗಿಟ್ಟು, ಎರಡೂ ಕೈ ಚಾಚಿ, "ಕೊಡೀಂಗ ಡಾಕ್ಟ್ರೇ, ಅದು ಬರೀ ಕೊಳೆ, ನಾನು ಎಸೀತೀನಿ," ಎಂದ. ಪುರಂದರ ಅದನ್ನು ವಿನಯವೆಂದುಕೊಂಡ.

ಬೆಳ್ಳಿಯಪ್ಪನ ಬಗ್ಗೆ ಹೀಗೆ ತಪ್ಪು ತಿಳಿಯುವುದು ಸುಲಭ, ಏಕೆಂದರೆ ಅವನ ಬಗ್ಗೆ ತಿಳಿಯಲು ಯಾರೂ ನಿಂತು ನೋಡುತ್ತಿರಲಿಲ್ಲ. ನಿಂತವರು ಕುಡಿದು ಹೋಗುತ್ತಿದ್ದರು.

ಅವನು ಕಾರಮಡೈ ಪಕ್ಕದವನು. ಮನೆಯಲ್ಲಿ ಬಾಳೆ ಬೇಸಾಯ, ನಾಲ್ವರು ಅಣ್ಣತಮ್ಮಂದಿರು, ಇವನು ಮೂರನೆಯವನು. "ಬಾಳೆ ನೆಟ್ಟು ಒಂದು ವರ್ಷ ಅದರ ಮುಖ ನೋಡ್ಕೊಂಡು ಯಾರು ಕೂತಿರ್ತಾರೆ? ಎಳನೀರು ನೋಡೀಂಗ, ಅರ್ಧ ನಿಮಿಷದಲ್ಲಿ ಫಲ," ಎನ್ನುವುದು ಅವನು ಊರು ಬಿಟ್ಟದ್ದಕ್ಕೆ ಕೊಡುವ ಕಾರಣ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಮೊಪೆಡ್ಡಿನ ಎರಡೂ ಕಡೆ ಎಳನೀರಿನ ಗೊನೆ ತೂಗುಹಾಕಿಕೊಂಡು ಪೀಳಮೇಡಿಗೆ ಬಂದ. ಮೊದಲು ಎದುರುಗಡೆ ಬೇವಿನ ಮರದ ಕೆಳಗೆ ಕೂತ, ಪೊಲೀಸಿನವನು ಎಬ್ಬಿಸಿದ. ಈಚೆ ಬಂದು ತೂಂಗುಮೂಂಜಿ ಮರದ ಕೆಳಗೆ ಕೂತ, ಯಾರೂ ಎಬ್ಬಿಸಲಿಲ್ಲ. ಸಂಜೆಯಾದರೆ ಎಲೆ ಮಡಿಚಿಕೊಂಡು ತೂಕಡಿಸುವ ಮರವೆಂದು ತಮಿಳರು ಅದಕ್ಕೆ ಆ ನಿದ್ದೆಮುಖದ ಹೆಸರಿಟ್ಟಿದ್ದಾರೆ. ಬೆಳ್ಳಿಯಪ್ಪ ಗಡಿಯಾರ ಕಟ್ಟುವುದಿಲ್ಲ. ಮರ ಎಲೆ ಮಡಿಚಿದಾಗ ಅವನು ಗೋಣಿ ಮಡಿಚುತ್ತಾನೆ.

ಅವನ ಕಸುಬಿನ ಕೌಶಲವೆಲ್ಲ ಕಿವಿಯಲ್ಲಿ. ಮಚ್ಚಿನ ಬೆನ್ನಿನಿಂದ ಕಾಯಿಯನ್ನು ಒಮ್ಮೆ ತಟ್ಟುತ್ತಾನೆ, ಕತ್ತು ವಾಲಿಸಿ ಕೇಳುತ್ತಾನೆ, ಹೇಳುತ್ತಾನೆ: "ಇದು ಜ್ವರದವ್ರಿಗೆ. ಇದು ಸುಮ್ನೆ ಬಾಯಾರಿದವ್ರಿಗೆ. ಇದ್ರಲ್ಲಿ ಗಂಜಿ ಕಟ್ಟಿದೆ, ಹಲ್ಲಿಲ್ಲದವ್ರಿಗೆ." ಈ ಕೊನೆಯ ವರ್ಗದ ಗಿರಾಕಿಗಳನ್ನು ಅವನಿಗೆ ಒದಗಿಸುತ್ತಿದ್ದವನು ಪುರಂದರ. ಹಲ್ಲು ಕಿತ್ತ ಮೇಲೆ ಐಸ್‌ಕ್ರೀಂ ತಿನ್ನಿ ಎನ್ನುವುದು ಬೇರೆ ದಂತವೈದ್ಯರ ಪದ್ಧತಿ. ಪುರಂದರ ಮಾತ್ರ ಕಿಟಕಿಯಿಂದ ಮರ ತೋರಿಸುತ್ತಿದ್ದ. ಇಬ್ಬರದೂ ಒಂದೇ ಬಾಯಿಯನ್ನು ನಂಬಿದ ಬದುಕು.

ಇಬ್ಬರ ಮನೆಮಾತು ಒಂದೇ ಎಂದು ಗೊತ್ತಾದದ್ದು ಒಂಬತ್ತು ವರ್ಷದ ಹಿಂದೆ, ಒಂದು ಬೈಗುಳದಿಂದ. ಕಾರೊಂದು ರಿವರ್ಸ್ ಬಂದು ಬೆಳ್ಳಿಯಪ್ಪನ ಎಳನೀರಿನ ರಾಶಿಯನ್ನು ಗುದ್ದಿತು. ಅವನು ತಮಿಳಿನಲ್ಲಿ ಎರಡು ಮಾತು ಬೈದು, ಸಾಲದೆ, ಕನ್ನಡಕ್ಕೆ ಹೊರಳಿ ಮೂರನೆಯದನ್ನು ಬೈದ. ಆ ಮೂರನೆಯದನ್ನು ಪುರಂದರನ ತಾತ ಕಟ್ಟು ಬಿಚ್ಚಿಕೊಂಡು ಓಡಿದ ಹಸುವಿಗೆ ಮಾತ್ರ ಬಳಸುತ್ತಿದ್ದರು. ಪುರಂದರ ಗ್ಲೌಸು ತೊಟ್ಟ ಕೈಯಲ್ಲೇ ಓಡಿಬಂದ. "ಬೆಳ್ಳಿಯಪ್ಪಣ್ಣಾ, ನಿಮ್ಮ ಮನೇಲೂ ಇದೇ ಬೈತಾರಾ?"

"ಆಮಾಂಗ. ಬೇರೆ ಯಾವುದ್ರಲ್ಲಿ ಬೈದ್ರೂ ನಂಗೆ ಸಮಾಧಾನ ಆಗಲ್ಲ."

ಅಣಬೆಗಳು ಹುಟ್ಟಿದ್ದು ಅದೇ ವರ್ಷದಲ್ಲಿ. ಮೊದಲು ಮರದ ತೊಗಟೆಯಲ್ಲಿ ಬೆಣ್ಣೆ ಮುದ್ದೆಯಂತೆ ನಾಲ್ಕು ಗುಳ್ಳೆ ಕಾಣಿಸಿಕೊಂಡವು. ಬೇರೆಯವರಾದರೆ ಕೆರೆದು ಹಾಕುತ್ತಿದ್ದರು. ಬೆಳ್ಳಿಯಪ್ಪ ಅವನ್ನು 'ಮರದ ಕಿವಿ' ಎಂದು ಕರೆದು, ಗಿರಾಕಿಗಳು ಕುಡಿದು ಉಳಿಸಿದ ಎಳನೀರನ್ನು ಬುಡಕ್ಕೆ ಸುರಿದು ಸಾಕಿದ. ಅದರಿಂದಲೋ, ಅದಿಲ್ಲದೆಯೋ, ಅವು ವರ್ಷಕ್ಕೆ ಒಂದು ಬೆರಳಿನಂತೆ ಅಗಲವಾಗುತ್ತ ಹೋದವು. ಅಷ್ಟಷ್ಟಕ್ಕೆ ಅವನು ಅವಕ್ಕೆ ಕೆಲಸ ಹಚ್ಚುತ್ತ ಹೋದ. ಕೆಳಗಿನ ಚಿಕ್ಕದರ ಮೇಲೆ ಸ್ಟ್ರಾ ಕಟ್ಟು. ಅದರ ಪಕ್ಕದ್ದರ ಮೇಲೆ ಕಾರಮಡೈ ರಂಗನಾಥರ ಪಟ. ಇನ್ನೊಂದರ ಮೇಲೆ ಹೆಂಡತಿ ಕಮಲಾತಾಳ್ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ. ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಅವನು ಕೂರುವ ಕ್ರೇಟಿನ ಮೇಲೆ ಸೂರಿನ ಹಾಗೆ ಚಾಚಿಕೊಂಡಿತ್ತು. ಅದು ಗಿರಾಕಿಗಳ ಮೇಜು; ಪುರಂದರ ಮೊಳಕೈ ಊರಿ ಮುರಿದದ್ದು ಅದನ್ನೇ. ಮಳೆಗಾಲದಲ್ಲಿ ಅಣಬೆಗಳು ಕೋಕೋ ಪುಡಿಯಂಥ ಕಂದು ಧೂಳು ಉದುರಿಸುತ್ತಿದ್ದವು. ಕೆಳಗಿನ ಎಳನೀರೆಲ್ಲ ಪೌಡರು ಹಚ್ಚಿಕೊಂಡು ಕೂರುತ್ತಿದ್ದವು.

"ಎಲ್ರೂ ಅಂಗಡಿಗೆ ಶೆಲ್ಫ್ ಹಾಕಿಸ್ತಾರೆ," ಎನ್ನುತ್ತಿದ್ದ ಬೆಳ್ಳಿಯಪ್ಪ. "ನಂದು ತಾನಾಗೇ ಬೆಳೀತದೆ. ಆಚಾರಿ ಬೇಡ, ಆಣಿ ಬೇಡ."

ಅವನ ಬದುಕಿನಲ್ಲಿ ಡಾಕ್ಟರಿಗೆ ಸರಿಬಾರದ್ದು ಒಂದೇ ಇತ್ತು: ಎಲೆಯಡಿಕೆ. ಬೆಳ್ಳಿಯಪ್ಪನ ಎರಡು ದವಡೆ ಹಲ್ಲನ್ನು ಪುರಂದರನೇ ಕಿತ್ತಿದ್ದ. ಮೂರನೆಯದು ಅಲುಗಾಡಿದ ದಿನ ಚೆನ್ನಾಗಿ ಬೈದ; ಮನೆಮಾತಿನಲ್ಲೇ, ತಾತನ ಬೈಗುಳದಲ್ಲೇ. ಬೆಳ್ಳಿಯಪ್ಪ ಕಣ್ಣಲ್ಲಿ ನೀರು ತಂದುಕೊಂಡು, ರಂಗನಾಥರ ಪಟದ ಎದುರು ಅಂಗೈ ತಟ್ಟಿ, ಇನ್ನು ಎಲೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ. ಅದಾಗಿ ಎರಡು ವರ್ಷ. ಪುರಂದರ ಖುದ್ದಾಗಿ ಅವನ ಹಲ್ಲು ಉಜ್ಜಿ ಬಿಳಿ ಮಾಡಿದ. ಆರು ತಿಂಗಳಲ್ಲಿ ಅವು ಮತ್ತೆ ಕೆಂಪಾದವು. ಹಳೆಯ ಕಲೆ, ಬೇರಿನಿಂದ ಮೇಲಕ್ಕೆ ಬರುತ್ತಿದೆ ಎಂದು ಪುರಂದರ ರೋಗನಿದಾನ ಮಾಡಿದ. ಕೂಟದ ಸಭೆಗಳಲ್ಲಿ ಮನೋಬಲಕ್ಕೆ ಉದಾಹರಣೆಯಾಗಿ ಬೆಳ್ಳಿಯಪ್ಪನ ಹೆಸರನ್ನು ಎರಡು ಬಾರಿ ಹೇಳಿದ್ದ.

ಈಗ ಪುರಂದರನ ಅಕ್ಷರದ ವಿಷಯ. ಅವನು ಓದಿದ್ದು ಕಾನ್ವೆಂಟಿನಲ್ಲಿ; ಎರಡನೆಯ ಭಾಷೆ ಫ್ರೆಂಚು. ಇಂದಿಗೂ ಅವನಿಗೆ ಫ್ರೆಂಚಿನಲ್ಲಿ 'ದಯವಿಟ್ಟು ಕಿಟಕಿ ತೆರೆಯಿರಿ' ಎನ್ನಲು ಬರುತ್ತದೆ. ಪೀಳಮೇಡಿನಲ್ಲಿ ಆ ಸಂದರ್ಭ ಒದಗಿಲ್ಲ, ಅಷ್ಟೇ. ತಮಿಳು ಬೀದಿಯಲ್ಲಿ ಬಂತು, ಬೋರ್ಡುಗಳಿಂದ ಓದಲೂ ಬಂತು. ಕನ್ನಡ ಮನೆಯಲ್ಲಿ ಬಂತು, ಬಾಯಿಗೆ ಮಾತ್ರ ಬಂತು. ತಾಯಿ ತುಳಸಮ್ಮನವರದೂ ಅದೇ ಕಥೆ. ಅವರ ಹಾಡಿನ ನೋಟ್‌ಪುಸ್ತಕದ ತುಂಬ ಕನ್ನಡ ದೇವರನಾಮಗಳು, ಎಲ್ಲವೂ ತಮಿಳು ಅಕ್ಷರದಲ್ಲಿ.

ಮೂರು ವರ್ಷದ ಹಿಂದೆ ಕೂಟದ ಹಳೆಯ ಕಾರ್ಯದರ್ಶಿ ಮಗಳ ಮನೆಗೆಂದು ಮೈಸೂರಿಗೆ ಹೋದರು. ಕಾರ್ಯದರ್ಶಿಗೆ ಕನ್ನಡ ಓದುಬರಹ ಬರಲೇಬೇಕು ಎಂಬುದು ಕೂಟದ ಒಂದೇ ಒಂದು ನಿಯಮ. "ಯಾರಿಗೆ ಬರುತ್ತೆ?" ಎಂದು ದಂಡಪಾಣಿ ಕೇಳಿದಾಗ ಹದಿನೆಂಟು ಜನರೂ ನೆಲ ನೋಡಿದರು. ಪುರಂದರ ಮಾತ್ರ ಫ್ಯಾನು ಏಕೆ ಟಕಟಕ ಎನ್ನುತ್ತಿದೆಯೆಂದು ಮೇಲೆ ನೋಡುತ್ತಿದ್ದ. "ಡಾಕ್ಟರಿಗೆ ಬರುತ್ತೆ!" ಎಂದರು ದಂಡಪಾಣಿ. ಪುರಂದರ ಬಾಯಿ ತೆರೆಯುವ ಮೊದಲೇ ತುಳಸಮ್ಮ, "ನಮ್ಮ ಪುರಂದುಗೆ ಬಾರದ್ದು ಏನಿದೆ?" ಎಂದು ಸೆರಗು ಸರಿಮಾಡಿಕೊಂಡರು. ಜನರ ಬಾಯಿ ತೆರೆಸುವುದೇ ಕಸುಬಾದವನಿಗೆ ತನ್ನದನ್ನು ತೆರೆಯಲಾಗಲಿಲ್ಲ.

ಅಂದಿನಿಂದ ಅವನು ವರದಿಯನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು, ಕನ್ನಡದಲ್ಲಿ ಓದಿ, ತುದಿಯಷ್ಟನ್ನೇ ತೋರಿಸಿ ದಂಡಪಾಣಿಯವರ ಸಹಿ ಹಾಕಿಸಿಕೊಂಡು, ಕಾಗದವನ್ನು ಗಡಿಬಿಡಿಯಿಂದ ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕುತ್ತಿದ್ದ. ಸಭೆ ಅವನ ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲೇ, ಒಸಡಿನ ರೋಗದ ಚಿತ್ರಪಟದ ಕೆಳಗೆ ನಡೆಯುತ್ತಿತ್ತು. ಎಲ್ಲರೂ ತಲೆದೂಗುತ್ತಿದ್ದರು. ತುಳಸಮ್ಮ ಮೊದಲ ಸಾಲಿನಲ್ಲಿ ಕೂತು ಅಕ್ಕಪಕ್ಕದವರನ್ನು ಹೆಮ್ಮೆಯಿಂದ ನೋಡುತ್ತಿದ್ದರು. ಆ ನೋಟ ತಪ್ಪಿಹೋಗುವುದೊಂದಕ್ಕೇ ಪುರಂದರ ಹೆದರುತ್ತಿದ್ದದ್ದು. ಕಾರ್ಯದರ್ಶಿತನ ಹೋದರೆ ಹೋಗಲಿ, ಎಪ್ಪತ್ತೊಂಬತ್ತು ವರ್ಷದ ಅಮ್ಮ ಹದಿನೆಂಟು ಜನರ ಎದುರು ತಲೆ ತಗ್ಗಿಸುವಂತಾದರೆ?

ಅಣಬೆ ಬಿದ್ದ ಭಾನುವಾರದ ಸಭೆಯಲ್ಲಿ ವರದಿಗೆ ಸಮಯವೇ ಸಿಗಲಿಲ್ಲ. ಅಣಬೆಯನ್ನು ಮಾದರಿ ದವಡೆಗಳನ್ನಿಡುವ ಗಾಜಿನ ಪೆಟ್ಟಿಗೆಯಲ್ಲಿಟ್ಟು ಎಲ್ಲರೂ ಸುತ್ತ ನಿಂತರು. ತಮಿಳು ಅಕ್ಷರವಾಗಿದ್ದರೆ ಮೊಳಕೈ ಮಡಿಚಿ ನೆಟ್ಟಗೆ ನಿಂತಿರುತ್ತಿತ್ತು. ಇದು ದುಂಡಗಿದೆ, ಆದ್ದರಿಂದ ಕನ್ನಡ. ಈ ತರ್ಕದಲ್ಲಿ ಯಾರಿಗೂ ಕುಂದು ಕಾಣಲಿಲ್ಲ. ಓದಲು ಬರುವವರಿಗೆ ಮಾತ್ರ ಕಾಣಬಹುದಾದ ಕುಂದು ಅದು. ಅಣಬೆ ಹುಟ್ಟಿಯೇ ಒಂಬತ್ತು ವರ್ಷ ಎಂಬುದೂ ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.

"ನಮ್ಮವರು ಘಟ್ಟ ಇಳಿದು ಬಂದಾಗ ಬರೆದಿಟ್ಟದ್ದು," ಎಂದರು ದಂಡಪಾಣಿ. "ಯಾವ ಊರಿಂದ ಬಂದ್ವಿ, ಯಾಕೆ ಬಂದ್ವಿ, ಎಲ್ಲಾ ಇದರಲ್ಲಿ ಇರುತ್ತೆ."

ಪುರಂದರ ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ಪರೀಕ್ಷಿಸಿ, "ಗೀರಿನ ಅಂಚಿಗೆ ಬಿಳಿ ಗಾರೆ ಕಟ್ಟಿದೆ. ಹಲ್ಲಿನಲ್ಲಾದರೆ ಇಷ್ಟು ಕಟ್ಟಲು ವರ್ಷಗಳು ಬೇಕು," ಎಂದ. ಅಷ್ಟು ಮಾತ್ರ ಅವನಿಗೆ ನಿಜವಾಗಿಯೂ ಗೊತ್ತಿದ್ದದ್ದು.

"ಪೂರ್ತಿ ಓದಿ ಹೇಳೋ ಕಣ್ಣಾ," ಎಂದರು ತುಳಸಮ್ಮ.

"ಹಳೇ ಬರಹ ಅಮ್ಮಾ. ಟೈಮ್ ಬೇಕು."

"ಬರೋ ಭಾನುವಾರ," ಎಂದು ದಂಡಪಾಣಿ ಗಡುವು ಹಾಕಿಬಿಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಐಟಿ ಆಫೀಸಿಗೆ ದಾವಣಗೆರೆಯಿಂದ ಹೊಸದಾಗಿ ಬಂದಿದ್ದ ಪದ್ಮಪ್ರಿಯಾ ಎಂಬ ಹುಡುಗಿ ಅವರ ಮಹಡಿಯಲ್ಲಿ ಬಾಡಿಗೆಗಿದ್ದಳು. ಅವಳ ತಂದೆ ಕನ್ನಡ ಮೇಷ್ಟರು. "ಆ ಪೊಣ್ಣನ್ನೂ ಕರ್ಕೊಂಡು ಬರ್ತೀನಿ. ನೀವು ಓದಿ, ಅವಳು ಅರ್ಥ ಹೇಳಲಿ."

ಆ ವಾರ ಪುರಂದರ ಎಂದೂ ಇಲ್ಲದಷ್ಟು ಅಕ್ಷರಾಭ್ಯಾಸ ಮಾಡಿದ. ಒಬ್ಬ ರೋಗಿ ಬಾಯಿ ಮುಕ್ಕಳಿಸುವಷ್ಟರಲ್ಲಿ ಫೋನಿನಲ್ಲಿ ವರ್ಣಮಾಲೆ ತೆರೆದು ಎರಡು ಅಕ್ಷರ ನೋಡುತ್ತಿದ್ದ. ಗಾಜಿನ ಪೆಟ್ಟಿಗೆಯತ್ತ ತಿರುಗಿದರೆ ಪ್ರತಿ ಗೀರೂ ಪ್ರತಿ ಅಕ್ಷರದ ಹಾಗೆ ಕಾಣುತ್ತಿತ್ತು. ಇದು 'ರ' ಇರಬಹುದು; ತಲೆಕಟ್ಟು ಎಲ್ಲಿ? ಇದು 'ಠ', ಹಾಗಾದರೆ ಇದರ ಪಕ್ಕದಲ್ಲಿ ಮತ್ತೆ ಮೂರು 'ಠ' ಏಕೆ? ಬುಧವಾರದ ಹೊತ್ತಿಗೆ ಅವನಿಗೆ ಎಕ್ಸ್-ರೇಯಲ್ಲಿನ ಬೇರುಗಳೂ ಕಾಗುಣಿತದಂತೆ ಕಾಣತೊಡಗಿದವು.

ಬೆಳ್ಳಿಯಪ್ಪನಿಗೂ ಆ ವಾರ ನೆಮ್ಮದಿಯಿರಲಿಲ್ಲ. ಸೋಮವಾರ ಕ್ಲಿನಿಕ್ಕಿನ ಬಾಗಿಲಿಗೆ ಬಂದ.

"ಡಾಕ್ಟ್ರೇ, ನನ್ನ ಶೆಲ್ಫ್ ಕೊಟ್ಬಿಡೀಂಗ."

"ಮುರಿದದ್ದು ನಾನು, ಹೊಸ ಹಲಗೆ ಹಾಕಿಸಿಕೊಡ್ತೀನಿ ಬೆಳ್ಳಿಯಪ್ಪಣ್ಣ. ಅದು ಈಗ ಶಾಸನ."

ಮಂಗಳವಾರ ಮತ್ತೆ ಬಂದ. "ಹೋಗ್ಲಿ, ಒಂದ್ಸಲ ತೊಳ್ದು ಕೊಡ್ಲಾ? ಬ್ರಷ್ ಹಾಕಿ ಚೆನ್ನಾಗಿ ಉಜ್ಜಿಬಿಡ್ತೀನಿ."

"ಅಯ್ಯೋ, ಮುಟ್ಟಬಾರದು!"

ಗುರುವಾರ ಬರಿಗೈಯಲ್ಲಿ ಬರಲಿಲ್ಲ, ಕೆಂದೆಳನೀರು ತಂದ. ಪುರಂದರ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಒಂದು ಅಣಬೆಯ ಮೇಲೆ ಎಷ್ಟು ಪ್ರೀತಿ ಈ ಮನುಷ್ಯನಿಗೆ! "ನೀವೂ ಭಾನುವಾರ ಸಭೆಗೆ ಬರಬೇಕು. ನಿಮ್ಮ ಮರ, ನಿಮ್ಮ ಶೆಲ್ಫು," ಎಂದ. ಬೆಳ್ಳಿಯಪ್ಪನ ಮುಖ ಎಳನೀರಿನಷ್ಟೇ ಕೆಂಪಾಯಿತು. "ನಾನ್ಯಾಕೆ ಸಾಮಿ..." ಎನ್ನುತ್ತ ಹಿಂದೆ ಹಿಂದೆ ಸರಿದು, ಮೆಟ್ಟಿಲು ತಪ್ಪಿ, ಸಾವರಿಸಿಕೊಂಡು ಹೋದ.

ಭಾನುವಾರ ವೇಟಿಂಗ್ ರೂಮು ತುಂಬಿತ್ತು. ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಕಾರ್ತಿಕಾ ಎಂಬ ಹುಡುಗಿಯೂ ಇದ್ದಳು. ಅವಳು ಮರಗಳ ರೋಗದ ವಿಷಯ ಓದುತ್ತಿರುವ ವಿದ್ಯಾರ್ಥಿನಿ. ಅಣಬೆಯ ವಯಸ್ಸು ಹೇಳಲೆಂದು ಪುರಂದರನೇ ಕರೆದಿದ್ದ. ಅವಳ ಮಾತು ಅರ್ಧ ಗಂಟೆಯಾದರೂ ಹಿಡಿದರೆ ತನ್ನ ಓದು ಅಷ್ಟು ಮುಂದೆ ಹೋಗುತ್ತದೆಂಬ ಲೆಕ್ಕ. ಬೆಳ್ಳಿಯಪ್ಪ ಎಲ್ಲರಿಗೂ ಎಳನೀರು ಕೆತ್ತಿಕೊಟ್ಟು, ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನಿಂತಿದ್ದ.

ಲೆಕ್ಕ ತಪ್ಪಿತು. ದಂಡಪಾಣಿ ಮೊದಲು ಕರೆದದ್ದು ಪದ್ಮಪ್ರಿಯಾಳನ್ನು. ಅವಳು ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿದಳು. ಅಣಬೆಯನ್ನು ಒಂದು ಸುತ್ತು ತಿರುಗಿಸಿದಳು. ಮತ್ತೆ ಅರ್ಧ ಸುತ್ತು. ಕೋಣೆಯಲ್ಲಿ ಎಳನೀರಿನ ತಳ ಹೀರುವ ಸದ್ದೂ ನಿಂತಿತು.

"ಸರ್," ಎಂದಳು ಮೆತ್ತಗೆ, "ನೀವು ಶ್ರೀ ಅಂತ ಓದಿದ್ರಂತೆ. ಯಾವ ಕಡೆಯಿಂದ ಹಿಡಿದು ಓದಿದ್ರಿ? ನನಗೆ ಸಿಗ್ತಿಲ್ಲ."

ಪುರಂದರ ಎದ್ದು ನಿಂತ. ಒಣಗಿದ ಪಂಚೆಯಲ್ಲೇ ನಿಂತಿದ್ದರೂ ಹಿಂದಿನ ಭಾನುವಾರಕ್ಕಿಂತ ಹೆಚ್ಚು ಒದ್ದೆಯಾದಂತೆ ಅನ್ನಿಸಿತು. ಯಾವುದೋ ಒಂದು ಸುತ್ತಿನ ಮೇಲೆ ಬೆರಳಿಟ್ಟು 'ಇಲ್ಲಿ' ಎನ್ನಬಹುದಿತ್ತು. ಆ ಹುಡುಗಿ ಒಳ್ಳೆಯವಳು, ದೊಡ್ಡವರ ಮಾತಿಗೆ ಹೂಂ ಎಂದುಬಿಡುತ್ತಿದ್ದಳೇನೋ. ಅವನು ಅಮ್ಮನ ಕಡೆ ನೋಡಿದ. ಅಮ್ಮ ಅದೇ ಹೆಮ್ಮೆಯ ನೋಟದಲ್ಲಿ ನೋಡುತ್ತಿದ್ದರು. ಆ ನೋಟದ ಎದುರು ಇನ್ನೊಂದು ಸುಳ್ಳು ಹೊರಡಲಿಲ್ಲ.

"ನನಗೆ ಕನ್ನಡ ಓದೋಕೆ ಬರಲ್ಲ," ಎಂದ. "ಯಾವತ್ತೂ ಬರ್ತಿರಲಿಲ್ಲ. ಮೂರು ವರ್ಷದಿಂದ ವರದಿ ತಮಿಳಿನಲ್ಲಿ ಬರ್ಕೊಂಡು ಓದ್ತಿದ್ದೀನಿ. ಪಂಚೆ ಒದ್ದೆಯಾದಾಗ ಮಾನ ಉಳಿಸಿಕೊಳ್ಳೋಕೆ ಶ್ರೀ ಅಂದೆ."

ಫ್ಯಾನು ಮಾತ್ರ ಟಕಟಕ ಎಂದಿತು.

ಮೊದಲು ಬಾಯಿ ಬಿಟ್ಟವರು ತುಳಸಮ್ಮ. "ಅದನ್ನು ಹೇಳೋಕೆ ಮೂರು ವರ್ಷ ಬೇಕಾಯ್ತಾ ನಿನಗೆ?"

"ಅಮ್ಮಾ... ನಿನಗೆ ಗೊತ್ತಿತ್ತಾ?"

"ನೀನು ಟ್ಯೂಬ್‌ಲೈಟಿಗೆ ಬೆನ್ನು ಹಾಕಿ ನಿಂತ್ಕೋತೀಯಲ್ಲ, ಕಾಗದದ ಈಚೆ ಕಡೆಗೆ ಎಲ್ಲಾ ಕಾಣುತ್ತೆ. ತಮಿಳು ಅ ನನಗೆ ಗೊತ್ತಾಗಲ್ವಾ? ಮೊದಲನೇ ವರ್ಷವೇ ಕಂಡೆ."

"ಮತ್ತೆ ಹೇಳಲೇ ಇಲ್ಲ?"

"ಎಷ್ಟು ಜೋರಾಗಿ, ಎಷ್ಟು ಚೆನ್ನಾಗಿ ಓದ್ತಿದ್ದೆ. ಯಾಕೆ ಕೆಡಿಸ್ಬೇಕು ಅಂತ ಸುಮ್ನಿದ್ದೆ."

ದಂಡಪಾಣಿ ಗಂಟಲು ಸರಿಮಾಡಿಕೊಂಡರು. ಎಲ್ಲರೂ ಅತ್ತ ತಿರುಗಿದರು. ಕೂಟದ ಒಂದೇ ನಿಯಮವನ್ನು ಕಾಯುತ್ತಿದ್ದವರು ಅವರೇ ತಾನೇ. "ವರದಿಗೆ ಪ್ರತಿ ವರ್ಷ ಕೆಳಗೆ ಸೈನ್ ಹಾಕ್ತಿದ್ದವನು ನಾನು," ಎಂದರು. "ಅದು ತಮಿಳು ಅಂತ ನನಗೆ ಕಂಡಿತ್ತು. ಕಾರ್ಯದರ್ಶಿಗಳು ನನಗೆ ಓದೋಕೆ ಸುಲಭ ಆಗ್ಲಿ ಅಂತ ಬೇರೆ ಕಾಪಿ ಮಾಡಿದ್ದಾರೆ ಅಂದ್ಕೊಂಡಿದ್ದೆ. ನನಗೂ ಬರಲ್ಲಪ್ಪ. ಇಲ್ಲಿ ಯಾರಿಗೆ ಬರುತ್ತೆ? ಕೈ ಎತ್ತಿ."

ಮೂರು ವರ್ಷದ ಹಿಂದಿನಂತೆಯೇ ಹದಿನೆಂಟು ಜನರೂ ನೆಲ ನೋಡಿದರು. ಈ ಸಲ ಪುರಂದರನೂ ನೋಡಿದ. ಮೊದಲು ಯಾರು ನಕ್ಕರೋ ತಿಳಿಯದು, ಕೊನೆಗೆ ಒಸಡಿನ ರೋಗದ ಚಿತ್ರಪಟವೊಂದನ್ನು ಬಿಟ್ಟು ಎಲ್ಲ ಬಾಯಿಗಳೂ ನಕ್ಕವು. ಪದ್ಮಪ್ರಿಯಾ ಕಣ್ಣೊರೆಸಿಕೊಂಡು, ಭಾನುವಾರ ಒಂದು ಗಂಟೆ ತಾನು ಕಲಿಸುವುದಾಗಿ ಹೇಳಿದಳು. ತುಳಸಮ್ಮ ಕೂತಲ್ಲಿಂದಲೇ, "ನನ್ನ ಹೆಸರು ಮೊದಲು ಬರ್ಕೋ, ಪುರಂದುಗಿಂತ ಮುಂಚೆ," ಎಂದರು.

ಈ ನಗುವಿನ ನಡುವೆ ಕಾರ್ತಿಕಾ ಅಣಬೆಯ ಬಿಳಿ ಜಾಗದಲ್ಲಿ ಉಗುರಿನಿಂದ ಒಂದು ಗೀರು ಎಳೆದಳು. ಎಲ್ಲರ ಕಣ್ಣೆದುರೇ ಅದು ಕಂದು ಬಣ್ಣಕ್ಕೆ ತಿರುಗಿತು. "ಈ ಜಾತಿಯ ಸ್ವಭಾವವೇ ಇದು," ಎಂದಳು ತಮಿಳಿನಲ್ಲಿ. "ಉಗುರು ತಾಗಿದರೆ ಸಾಕು, ಬಣ್ಣ ಬಂದು ನಿಲ್ಲುತ್ತೆ. ಇದರಲ್ಲಿ ಚಿತ್ರ ಬರೆಯುವವರೂ ಇದ್ದಾರೆ. ಆದರೆ ಅಂಕಲ್, ಇದು ಹಳೇ ಕಾಲದ್ದಲ್ಲ. ಪ್ರತಿ ವರ್ಷ ಕೆಳಗಡೆ ಹೊಸ ಪದರ ಬೆಳೆದು ಹಳೆಯದನ್ನು ಮುಚ್ಚುತ್ತೆ. ಇದನ್ನೆಲ್ಲ ಗೀರಿದ್ದು ಈಚೆಗೆ, ಒಂದು ವರ್ಷದ ಒಳಗೆ. ಅದೂ ಮೇಲೆ ನಿಂತವರಲ್ಲ. ಕೆಳಗೆ ಕೂತವರು, ಕೈ ಮೇಲಕ್ಕೆತ್ತಿ." ಮರದ ಒಳಗೆ ಸ್ವಲ್ಪ ಟೊಳ್ಳಾಗಿದೆ, ಭಾರದ ಕೊಂಬೆ ಎರಡನ್ನು ಇಳಿಸಬೇಕು ಎಂದೂ ಅವಳು ಹೇಳಿದಳು. ಅದನ್ನು ಆಗ ಯಾರೂ ಕೇಳಿಸಿಕೊಳ್ಳಲಿಲ್ಲ, ಮರುವಾರ ಇಳಿಸಿದರು.

ಕೆಳಗೆ ಕೂತವರು. ಹದಿನೆಂಟು ತಲೆಗಳು ಬಾಗಿಲ ಕಡೆ ತಿರುಗಿದವು. ಬೆಳ್ಳಿಯಪ್ಪ ತನ್ನದಲ್ಲದ ಚಪ್ಪಲಿಯಲ್ಲಿ ಕಾಲು ತೂರಿಸುತ್ತಿದ್ದ.

ಪುರಂದರನಿಗೆ ಎಲ್ಲವೂ ಒಂದಕ್ಕೊಂದು ಕೂಡಿಬಂದಂತೆ ತೋರಿತು. ಮತ್ತೆ ಮತ್ತೆ ಬಂದು ಅಣಬೆ ವಾಪಸು ಕೇಳಿದ್ದು. ತೊಳೆದುಬಿಡುತ್ತೇನೆಂದದ್ದು. ಸಭೆಗೆ ಬಾ ಎಂದರೆ ಮುಖ ಕೆಂಪಾದದ್ದು. ಇಪ್ಪತ್ತೊಂಬತ್ತು ವರ್ಷ ಮರದ ಕೆಳಗೆ ಕೂತ ಈ ಮನುಷ್ಯ, ಹಗಲು ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಯಾರೂ ನೋಡದ ಜಾಗದಲ್ಲಿ, ಒಬ್ಬನೇ ಅಕ್ಷರ ತಿದ್ದುತ್ತಿದ್ದನೇ? ಕಾನ್ವೆಂಟಿಗೆ ಹೋದ ತಾನು ಕಲಿಯದ್ದನ್ನು ಇವನು ಅಣಬೆಯನ್ನೇ ಸ್ಲೇಟು ಮಾಡಿಕೊಂಡು ಕಲಿಯುತ್ತಿದ್ದನೇ? ಪದ್ಮಪ್ರಿಯಾಳಿಗೆ ಓದಲು ಸಿಗದಿದ್ದರೇನು, ಕಲಿಯುವವನ ಅಕ್ಷರ ಸೊಟ್ಟಗೇ ಇರುತ್ತದೆ!

"ಡಾಕ್ಟರೇ," ಎಂದರು ದಂಡಪಾಣಿ ಪಿಸುದನಿಯಲ್ಲಿ, "ಇವರಿಗೆ ಬರೋದಾದ್ರೆ ಇವತ್ತೇ ಕಾರ್ಯದರ್ಶಿ ಮಾಡಿಬಿಡೋಣ."

ಪುರಂದರ ಹೋಗಿ ಬೆಳ್ಳಿಯಪ್ಪನ ಎರಡೂ ಕೈ ಹಿಡಿದುಕೊಂಡ. "ಬೆಳ್ಳಿಯಪ್ಪಣ್ಣ, ನಾಚಿಕೆ ಪಡಬೇಡಿ. ಈಗ ತಾನೇ ನಾನು ಇಷ್ಟು ಜನರ ಮುಂದೆ ಬಾಯಿ ಬಿಟ್ಟೆ, ಏನೂ ಆಗಲಿಲ್ಲ, ನೋಡಿದ್ರಲ್ಲ? ನೀವೂ ಹೇಳಿ. ಅಲ್ಲಿ ಬರೆದದ್ದು ನೀವೇ ತಾನೇ?"

ಬೆಳ್ಳಿಯಪ್ಪ ರಂಗನಾಥರ ಪಟ ಇದ್ದ ದಿಕ್ಕಿಗೆ, ಕಿಟಕಿಯಾಚೆಯ ಮರದ ಕಡೆಗೆ, ಒಮ್ಮೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ನೆಟ್ಟಗೆ ನಿಂತ.

"ಆಮಾಂಗ. ನಾನೇ."

ಕೋಣೆಯೆಲ್ಲ ನಿಟ್ಟುಸಿರು ಬಿಟ್ಟಿತು.

"ಏನು ಬರೆದ್ರಿ ಅಣ್ಣಾ?" ಎಂದ ಪುರಂದರ. "ದಿನಾ ಕೂತು ಏನು ಬರೀತಿದ್ರಿ?"

"ಬರೆಯೋದೆಲ್ಲಿ ಬಂತು ಡಾಕ್ಟ್ರೇ! ನೀವು ರೋಡ್ ದಾಟಿ ಬರೋದು ಕಂಡಾಗೆಲ್ಲ, ಎಲೆಗೆ ಹಚ್ಚೋಕೆ ಬೆರಳಲ್ಲಿ ತಗೊಂಡಿದ್ದ ಸುಣ್ಣಾನ ತಲೆ ಮೇಲಿನ ಶೆಲ್ಫಿನ ಅಡಿಗೆ ಒರೆಸ್ತಿದ್ದೆ."